ಜೀಪಿನ ದಮ್ಮು ಅಳೆದ ದಿನ

ನನ್ನ ಭಾವ, ಅಂದರೆ ಗಂಡನ ಅಣ್ಣ, ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಜಗಳವೇನೂ ಇಲ್ಲ. ನಮ್ಮ ಮನೆಯ ಪದ್ಧತಿಯೇ ಹಾಗೆ. ತಮ್ಮನ ಹೆಂಡತಿಗೆ ಏನಾದರೂ ಹೇಳುವುದಿದ್ದರೆ ಅತ್ತೆಯ ಕಡೆ ಮುಖ ಮಾಡಿ ಹೇಳಬೇಕು. ಅತ್ತೆ ಇಲ್ಲದಿದ್ದರೆ ಎಮ್ಮೆಗೆ ಹೇಳಬೇಕು. ನಾನೂ ಉತ್ತರವನ್ನು ಅತ್ತೆಗೋ ಎಮ್ಮೆಗೋ ಕೊಡುತ್ತೇನೆ. ಮದುವೆಯಾದ ಹೊಸದರಲ್ಲಿ ಇದು ಮರ್ಯಾದೆ ಅನ್ನಿಸಿತ್ತು. ಆಮೇಲೆ ರೂಢಿಯಾಯಿತು. ಈಗೀಗ ಒಮ್ಮೊಮ್ಮೆ ಮೈಯೆಲ್ಲ ಉರಿಯುತ್ತದೆ, ಅದರಲ್ಲೂ ಮಾತು ನಮ್ಮ ಜೀಪಿನದಾಗಿದ್ದರೆ.

ನಮ್ಮ ಮನೆ ತಿಕೋಟಾದಲ್ಲಿ, ದ್ರಾಕ್ಷಿ ತೋಟ ಬಿಜ್ಜರಗಿ ಕಡೆಯ ಮಡ್ಡಿಯ ಮೇಲೆ. ಮಡ್ಡಿ ಎಂದರೆ ಕಲ್ಲು ನೆಲದ ದಿಬ್ಬ. ತೋಟಕ್ಕೆ ಹೋಗುವ ಕೊನೆಯ ಏರನ್ನು ರಸ್ತೆ ಎಂದು ಕರೆದರೆ ರಸ್ತೆಗಳಿಗೆ ಅವಮಾನ. ಗಾಲಿಯ ಕೆಳಗೆ ಕಲ್ಲು ಉರುಳುತ್ತಲೇ ಇರುತ್ತವೆ. ಅದಕ್ಕೆಂದೇ ನಾಲ್ಕೂ ಗಾಲಿಗೆ ಎಳೆತವಿರುವ ಈ ಜೀಪನ್ನು ತಂದದ್ದು. ನನ್ನ ಗಂಡನಿಗೆ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಎರಡು ಸಲ ಹಟ್ಟಿಯ ಗೋಡೆಗೆ ಗುದ್ದಿದ ಮೇಲೆ ತಾವಾಗಿಯೇ ಚಾವಿ ತಂದು ನನ್ನ ಕೈಗಿಟ್ಟರು.

ನನಗೆ ಜೀಪು ಹೊಸದಲ್ಲ. ನನ್ನ ತವರು ಬಬಲೇಶ್ವರ. ಅಪ್ಪ ಬಬಲೇಶ್ವರದಿಂದ ವಿಜಯಪುರಕ್ಕೆ ಪ್ಯಾಸೆಂಜರ್ ಜೀಪು ಹೊಡೆಯುತ್ತಿದ್ದರು. ಸಂತೆಯ ದಿನ ಒಳಗೆ ಕೂತವರಷ್ಟೇ ಜನ ಹೊರಗೆ ಜೋತುಬಿದ್ದಿರುತ್ತಿದ್ದರು, ಟಾಪಿನ ಮೇಲೆ ಕೋಳಿ ಬುಟ್ಟಿ, ಕಾಯಿಪಲ್ಲೆಯ ಗಂಟು. ನಾನು ಅಪ್ಪನ ಪಕ್ಕದಲ್ಲಿ ಕಾಲು ಮಡಚಿಕೊಂಡು ಗೇರಿಗೆ ಜಾಗ ಬಿಟ್ಟು ಕೂರುತ್ತಿದ್ದೆ. "ಗಾಡಿ ಹೊಡಿಯೂದು ಆಮ್ಯಾಲ ಕಲಿಯಾಕಂತಿ, ಮದಲ ಅದು ಹೆಂಗ ಉಸರಾಡತೈತಿ ಕೇಳು" ಎನ್ನುತ್ತಿದ್ದರು ಅಪ್ಪ. ನಾನು ಕೇಳಿದೆ. ಇವತ್ತಿಗೂ ಬೀದಿಯಲ್ಲಿ ಗಾಡಿ ಹೋದರೆ ರೊಟ್ಟಿ ಬಡಿಯುವ ಕೈ ಅರೆಕ್ಷಣ ನಿಲ್ಲುತ್ತದೆ.

ಬೆಳಿಗ್ಗೆ ತಿಕೋಟಾದಿಂದ ಕೆಲಸದ ಹೆಂಗಸರನ್ನು ಕೂರಿಸಿಕೊಂಡು ತೋಟಕ್ಕೆ ಹೊರಡುವುದಿದೆಯಲ್ಲ, ನನ್ನ ದಿನದ ಸುಖವೇ ಅದು. ಹಿಂದೆ ಅವರ ಬುತ್ತಿಯ ಹಿಂಡಿ ಖಾರದ ವಾಸನೆ, ಯಾರದೋ ಮಗಳ ಬಯಕೆಯ ಸುದ್ದಿ, ಯಾರದೋ ಗಂಡನ ಗೊರಕೆಯ ಅಣಕ. ನಗು ಜಾಸ್ತಿಯಾದರೆ ನಾನು ಹಾರ್ನ್ ಹೊಡೆಯುತ್ತೇನೆ, ಅದಕ್ಕೂ ನಗುತ್ತಾರೆ. ಮನೆಯಲ್ಲಿ ನಾನು ಕಿರಿ ಸೊಸೆ. ಆ ಸೀಟಿನಲ್ಲಿ ಕೂತಾಗ ಮಾತ್ರ ನಾನು ಎಲ್ಲಿಗೆ ತಿರುಗಿಸಿದರೆ ಅಲ್ಲಿಗೆ ಎಲ್ಲರೂ ಬರುತ್ತಾರೆ.

ಈ ವರ್ಷ ಜೋಳದ ರಾಶಿ, ಅಂದರೆ ಒಕ್ಕಣೆ, ಮುಗಿದ ಮೇಲೆ ಜೀಪಿಗೆ ಏನೋ ಆಯಿತು. ಸಪಾಟು ರಸ್ತೆಯಲ್ಲಿ ಹೇಗೋ ಹೋಗುತ್ತಿತ್ತು. ಮಡ್ಡಿಯ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ಕರ್‍ರಗೆ ಹೊಗೆ ಕಾರಿ ನಿಂತುಬಿಡುತ್ತಿತ್ತು. ಹೆಂಗಸರು ಇಳಿದು ನಡೆಯತೊಡಗಿದರು. "ಅಕ್ಕಾರ, ನೀವೂ ಬರ್‍ರಿ, ಜೀಪನ್ನ ನಾಳೆ ಹೊತಗೊಂಡ ಹೋಗೂಣು" ಎಂದು ಒಬ್ಬಳು ಛೇಡಿಸಿದಳು. ನಾನೂ ನಕ್ಕೆ, ಆದರೆ ಒಳಗೊಳಗೇ ಕುದ್ದುಹೋದೆ.

ಭಾವನದು ತಿಕೋಟಾದಲ್ಲಿ ಗೊಬ್ಬರದ ಅಂಗಡಿ. ಗೊಬ್ಬರಕ್ಕೆ ಬಂದವರೆಲ್ಲ ಈ ಸುದ್ದಿಯನ್ನೂ ಅಲ್ಲಿ ಇಳಿಸಿ ಹೋದರು. ಅವತ್ತು ಊಟಕ್ಕೆ ಕೂತ ಭಾವ ಅತ್ತೆಯ ಕಡೆ ತಿರುಗಿದರು.

"ಯವ್ವಾ, ಕ್ಲಚ್ಚಿನ ಮ್ಯಾಲ ಕಾಲ ಇಟಗೊಂಡ ಹೊಡದ್ರ ಇಂಜಿನ್ ಉಳಿತೈತೇನು? ಮುಗೀತು ಅದರದು. ಅದನ್ನ ಕೊಟ್ಟು ಒಂದು ಪಿಕಪ್ ತರೂಣು. ಒಬ್ಬ ಡ್ರೈವರ್‌ನ್ನ ಇಡೂಣು."

ನಾನು ಸಾರಿನ ಸೌಟು ಕೆಳಗಿಟ್ಟೆ. "ಅತ್ತಿ, ಭಾವಾರಿಗೆ ಹೇಳ್ರಿ. ಕ್ಲಚ್ಚಿನ ಮ್ಯಾಲ ಕಾಲಿಟ್ರ ಸವಿಯೂದು ಕ್ಲಚ್ಚು, ಇಂಜಿನ್ ಅಲ್ಲ. ಮತ್ತ ನಾ ಕಾಲ ಇಡಂಗಿಲ್ಲ."

ಅತ್ತೆ ಇಬ್ಬರ ನಡುವೆ ಕೂತು ಎರಡೂ ಕಡೆ ತಲೆಯಾಡಿಸುತ್ತ ರೊಟ್ಟಿ ಮುರಿಯುತ್ತಿದ್ದರು. ನನ್ನ ಗಂಡ ಹಾಲು ಕರೆಯುವ ನೆಪ ಮಾಡಿ ಎದ್ದುಹೋದರು, ಹಾಲು ಕರೆದು ಆಗಲೇ ಬಹಳ ಹೊತ್ತಾಗಿತ್ತು.

ಭಾವ ಕೆಟ್ಟವರಲ್ಲ. ಆದರೆ ಕಾಗದದ ಮೇಲೆ ಬಂದದ್ದನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ. ಮಣ್ಣನ್ನು ಪರೀಕ್ಷೆ ಮಾಡಿಸದ ರೈತನಿಗೆ ಗೊಬ್ಬರ ಕೊಡುವ ಮೊದಲು ಅರ್ಧ ತಾಸು ಬೈಯುತ್ತಾರೆ. ವಿಜಯಪುರದಲ್ಲಿ ಹೊಸದಾಗಿ ಡೈನೋ ಬಂದಿದೆ, ಗಾಡಿಯ ಶಕ್ತಿಯನ್ನು ತಕ್ಕಡಿಗೆ ಹಾಕಿದಂತೆ ಅಳೆದು ಚೀಟಿ ಕೊಡುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. "ಯವ್ವಾ, ಶಕ್ತಿ ಐತಿ ಅಂತ ಚೀಟಿ ಬಂದ್ರ ಜೀಪೂ ಇರಲಿ, ಹೊಡಿಯಾಕೀನೂ ಇರಲಿ. ಇಲ್ಲಂದ್ರ ಅಲ್ಲಿಂದ ಸೀದಾ ಪಿಕಪ್ ನೋಡಾಕ ಹೋಗೂದು" ಎಂದರು. ನಾನು ಒಪ್ಪಿದೆ. ಒಪ್ಪಿದ ಮೇಲೆ ಲೆಕ್ಕ ಹಾಕಿದೆ. ಪಿಕಪ್ ಬಂದರೆ ಡ್ರೈವರ್ ಬರುತ್ತಾನೆ, ನಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಸೆರಗು ಹೊದ್ದು ನಿಲ್ಲಬೇಕು.

ಹೊರಡುವ ದಿನ ಅತ್ತೆಯೂ ಹೊಸ ಸೀರೆ ಉಟ್ಟು ತಯಾರಾದರು. ಅವರ ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ನಿಂಬೆಹಣ್ಣು, ಬುತ್ತಿ. ಜೀಪನ್ನು ಭಾವನೇ ಹೊಡೆದರು. ಅತ್ತೆ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಭಾವ "ನೋಡು ಯವ್ವಾ, ನೋಡು, ಎಳೀವಲ್ದು" ಎನ್ನುತ್ತಿದ್ದರು. ಎಳೆಯುತ್ತಿರಲಿಲ್ಲ, ನಿಜ. ಅದೇ ನನಗೆ ಸಿಟ್ಟು.

ಗ್ಯಾರೇಜು ಸೋಲಾಪುರ ರಸ್ತೆಯ ಮಗ್ಗುಲಿಗೆ. ಅದರ ಮಾಲೀಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ದೊಡ್ಡ ದನಿ, ತಲೆಯ ಮೇಲೆ ಏರಿಸಿದ ಕಪ್ಪು ಕನ್ನಡಕ, ಇಸ್ತ್ರಿ ಮುರಿಯದ ಅಂಗಿ. ಹೊಸ ಮಶೀನು ಬಂದ ಹೆಮ್ಮೆ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಅಂಗಳದಲ್ಲಿ ಶೋಕಿಗೆ ಜೀಪು ಬದಲಾಯಿಸಿಕೊಳ್ಳುವ ಪೇಟೆ ಹುಡುಗರು ನೆರೆದಿದ್ದರು, ಅವರ ಜೀಪುಗಳು ಸಾಲಾಗಿ ನಿಂತಿದ್ದವು. ಎದೆಮಟ್ಟದ ಟೈರು, ಮೇಲೆ ದೀಪಗಳ ಸಾಲು, ಆನೆಯ ಸೊಂಡಿಲಿನಂಥ ಹೊಗೆಕೊಳವೆ. ಅವುಗಳ ನಡುವೆ ದ್ರಾಕ್ಷಿ ಬಳ್ಳಿಯ ಚೂರು ಅಂಟಿಕೊಂಡ ನಮ್ಮ ಜೀಪು ಮದುವೆ ಮನೆಗೆ ಹೊಲದಿಂದ ನೇರ ಬಂದವರಂತೆ ನಿಂತಿತು.

"ಏನೇನ್ ಮಾಡಿಸೀರಿ ಇದಕ್ಕ?" ಎಂದು ಉಸ್ತಾದ್ ಕೇಳಿದರು.

"ಏನೂ ಮಾಡಿಸಿಲ್ಲ. ಕಂಪನಿಯಿಂದ ಹೆಂಗ ಬಂದೈತಿ ಹಂಗ ಐತಿ" ಎಂದೆ.

"ಸ್ಟಾಕ್ ಗಾಡಿ! ಭಾಳ ಚಲೋ. ಇಲ್ಲಿಗೆ ಸ್ಟಾಕ್ ಗಾಡಿ ತರೋರ ಇಲ್ಲರಿ. ಅಸಲಿ ಇಂಜಿನ್ ಎಷ್ಟ ಕೊಡತೈತಿ ನನಗೂ ನೋಡಬೇಕು."

ಮಶೀನು ನೋಡಿದರೆ ದೊಡ್ಡದೇನೂ ಅಲ್ಲ. ನೆಲದ ಮಟ್ಟಕ್ಕೆ ಹೂತ ದಪ್ಪ ಕಬ್ಬಿಣದ ಉರುಳೆಗಳು. ಗಾಡಿಯ ಹಿಂದಿನ ಗಾಲಿಗಳನ್ನು ಅವುಗಳ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ನೆಲದ ಕೊಂಡಿಗೆ ಬಿಗಿದು, ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಗಾಲಿ ತಿರುಗುತ್ತದೆ, ಉರುಳೆ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಉರುಳೆಯನ್ನು ಎಷ್ಟು ಬಲದಿಂದ ತಿರುಗಿಸಿತು ಎಂಬುದನ್ನು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ.

ಅತ್ತೆ ಬಗ್ಗಿ ನೋಡಿದರು. "ಕಬ್ಬಿನ ಗಾಣ ಇದ್ದಂಗ ಐತಲ್ಲೋ. ಹಾಲ ಯಾ ಕಡೆ ಬರತೈತಿ?" ಎಂದು ಕೇಳಿ ಚೀಲದಿಂದ ನಿಂಬೆಹಣ್ಣು ತೆಗೆದು ಗಾಲಿಯ ಕೆಳಗೆ ಇಡಲು ಹೊರಟರು. ಹೊಸ ಕೆಲಸಕ್ಕೆ ಹೊರಟ ಗಾಡಿ ನಿಂಬೆಹಣ್ಣು ತುಳಿಯದೆ ಚಲಿಸುವುದು ನಮ್ಮ ಮನೆಯಲ್ಲಿ ಎಂದೂ ಆಗಿಲ್ಲ.

ಉಸ್ತಾದ್ ಓಡಿ ಬಂದರು. "ಅವ್ವಾರ, ಅವ್ವಾರ! ರೋಲರ್ ಮ್ಯಾಲ ನಿಂಬೆಹಣ್ಣ ಇಡಬ್ಯಾಡ್ರಿ, ಗಾಲಿ ಜಾರತೈತಿ! ಲೆಕ್ಕ ಪೂರಾ ಹಾಳಾಗತೈತಿ!"

"ನಿಂಬೆಹಣ್ಣಿಲ್ಲದ ಲೆಕ್ಕ ಹೆಂಗ ಬರೋಬ್ಬರಿ ಆಗತೈತಿ?"

ಕಡೆಗೆ ರಾಜಿಯಾಯಿತು. ಜೀಪನ್ನು ಮತ್ತೆ ಗೇಟಿನ ತನಕ ಹಿಂದೆ ತಂದು, ಅಲ್ಲಿ ನಿಂಬೆಹಣ್ಣು ತುಳಿಸಿ, ಕಾಯಿ ಒಡೆದು, ಒಂದು ಹೋಳನ್ನು ಉಸ್ತಾದರ ಕೈಗೆ ಕೊಟ್ಟ ಮೇಲೆ ಗಾಡಿ ಉರುಳೆಯ ಮೇಲೆ ಹತ್ತಿತು. ಟೈರು ಒರೆಸುವ ಕೆಲಸ ಉಸ್ತಾದರ ಪಾಲಿಗೆ ಬಂತು. ಅವರು ಕೊಬ್ಬರಿ ಕಡಿಯುತ್ತಲೇ ಒರೆಸಿದರು.

ಇಂಜಿನ್ ಕಾಯದಿರಲೆಂದು ಜೀಪಿನ ಮುಂದೆ ಆಳೆತ್ತರದ ಫ್ಯಾನು ಹಚ್ಚಿದರು. ಬೇಸಿಗೆಯ ಝಳದಲ್ಲಿ ಆ ಗಾಳಿ ಬಡಿದದ್ದೇ ತಡ, ಅತ್ತೆ ಅದರ ಮುಂದೆ ಸ್ಟೂಲು ಎಳೆದುಕೊಂಡು ಕಣ್ಣು ಮುಚ್ಚಿ ಕೂತರು. "ಅವ್ವಾರ, ಅದು ಗಾಡಿಗ್ರಿ" ಎಂದರೂ ಏಳಲಿಲ್ಲ. "ಗಾಡಿಗೂ ಬರತೈತಿ, ನನಗೂ ಬರತೈತಿ" ಎಂದರು. ಭಾವ ಅವರನ್ನು ಸ್ಟೂಲಿನ ಸಮೇತ ಎತ್ತಿ ಬದಿಗಿಟ್ಟರು.

ಉಸ್ತಾದ್ ಸೀಟಿಗೆ ಹತ್ತಿ ನಮ್ಮತ್ತ ಕೇಳಿದರು: "ಏರಿನ್ಯಾಗ ಯಾವ ಗೇರ್‌ನ್ಯಾಗ ಸಾಯತೈತಿ?"

ಭಾವ ಅತ್ತೆಗೆ ಹೇಳಿದರು: "ಯವ್ವಾ, ಹೊಡಿಯಾಕಿಗೇ ಗೊತ್ತಿರಬೇಕಲ್ಲ."

ನಾನು ಅತ್ತೆಗೆ ಹೇಳಿದೆ: "ಅತ್ತಿ, ಎರಡನೇದ್ರಾಗ ಅಂತ ಹೇಳ್ರಿ."

ಅತ್ತೆ ಉಸ್ತಾದರಿಗೆ ಹೇಳಿದರು: "ಎರಡನೇದ್ರಾಗಂತ."

ಉಸ್ತಾದ್ ಮೂವರ ಮುಖವನ್ನೂ ಸರದಿಯ ಮೇಲೆ ನೋಡಿ, "ಇಲ್ಲಿ ಎಲ್ಲಾರಿಗೂ ಕಿವಿ ಕೇಳತಾವಲ್ಲರಿ?" ಎಂದರು. ಹುಡುಗರು ಕಿಸಕ್ಕನೆ ನಕ್ಕರು. ಭಾವನ ಕಿವಿ ಕೆಂಪಾದವು.

ಜೀಪು ಗುಡುಗತೊಡಗಿತು. ನಿಂತಲ್ಲೇ ಓಡುವ ಗಾಡಿಯನ್ನು ನೋಡುವುದು ವಿಚಿತ್ರ ಸುಖ. ಪಟ್ಟಿಗಳು ಬಿಗಿದವು, ನೆಲ ನಡುಗಿತು, ಪರದೆಯ ಮೇಲೆ ಗೆರೆ ಏರತೊಡಗಿತು. ಏರುತ್ತಾ ಏರುತ್ತಾ ಬಾಗಿತು, ಬಾಗಿ ಮಲಗಿತು. ಹಿಂದಿನಿಂದ ಕಪ್ಪು ಹೊಗೆ ತುಂಬಿಕೊಂಡಿತು. ಇನ್ನೊಮ್ಮೆ ಓಡಿಸಿದರು, ಅಷ್ಟೇ.

"ಎಪ್ಪತ್ತೆಂಟು" ಎಂದರು ಉಸ್ತಾದ್, ಹೆಮ್ಮೆಯ ದನಿ ಇಳಿದಿತ್ತು. ಕಂಪನಿ ಇಂಜಿನ್ನಿಗೆ ಹೇಳುವುದು ನೂರಾ ಮೂವತ್ತು ಕುದುರೆಯ ಬಲ. ಇಂಜಿನ್ನಿನಿಂದ ಗಾಲಿಗೆ ಬರುವ ದಾರಿಯಲ್ಲಿ ಒಂದಿಷ್ಟು ಸೋರುವುದು ಸಹಜ, ಆದರೂ ನೂರರ ಮೇಲೆ ಬರಲೇಬೇಕಂತೆ.

"ದ್ರಾಕ್ಷಿ ಹೊಲದಿಂದ ಮನಿಗೆ ಬರೂದ್ರಾಗ ನಾಕು ಹಣ್ಣ ಉದರತಾವಲ್ಲ, ಹಂಗ" ಎಂದರು ಅತ್ತೆ. "ಆದ್ರ ಇದು ಬುಟ್ಟೀನ ಬಿದ್ದಂಗಾತಲ್ಲೋ."

"ಟರ್ಬೋ ಹೋಗಿರಬೇಕು, ಇಲ್ಲಾ ಒಳಗ ಸವದಿರಬೇಕು. ಇಂಜಿನ್ ಬಿಚ್ಚಬೇಕಾಗತೈತಿ" ಎಂದು ಉಸ್ತಾದ್ ತೀರ್ಪು ಕೊಟ್ಟರು. ಭಾವ ಚೀಟಿಯನ್ನು ಮಡಿಚಿ ಜೇಬಿಗಿಟ್ಟರು. ಗೆದ್ದೆ ಎಂದು ನಗಲಿಲ್ಲ. ನಕ್ಕಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. "ನಡಿ ಯವ್ವಾ, ಪಿಕಪ್ ನೋಡಿ ಬರೂಣು" ಎಂದರು, ಅಷ್ಟೇ. ನನಗೆ ಅಳು ಬಂತು. ಹುಡುಗರ ಮುಂದೆ ಅಳಬಾರದೆಂದು ಜೀಪಿನ ಕಡೆ ತಿರುಗಿ ನಿಂತೆ.

ತಿರುಗಿ ನಿಂತಾಗ ಜೀಪು ಇನ್ನೂ ಚಾಲೂ ಇತ್ತು. ಅದರ ಸದ್ದು ಕಿವಿಗೆ ಬಿತ್ತು. ಸವೆದ ಇಂಜಿನ್ನಿನ ಸದ್ದನ್ನು ನಾನು ಅಪ್ಪನ ಜೀಪಿನಲ್ಲಿ ಕೇಳಿದ್ದೇನೆ. ಅದು ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದಂತೆ ಗಲಗಲ ಎನ್ನುತ್ತದೆ. ಇದು ಹಾಗಿರಲಿಲ್ಲ. ಇದು ಮೂಗು ಕಟ್ಟಿಕೊಂಡ ಮಗು ಹಾಲು ಕುಡಿಯುವಾಗ ಮಾಡುವ ಸದ್ದು.

"ತಡೀರಿ" ಎಂದೆ. ಯಾರಿಗೆ ಹೇಳಬೇಕು ಎಂದು ಯೋಚಿಸದೆ ಎಲ್ಲರಿಗೂ ಹೇಳಿದೆ. "ಇದಕ್ಕ ಗಾಳಿ ಸಾಲವಲ್ದು. ಉಸರ ಹಿಡದೈತಿ."

"ಏರ್ ಫಿಲ್ಟರ್ ಕಟ್ಟಿರಬೇಕು ಅಂತೀರೇನು? ಅಷ್ಟಕ್ಕೆಲ್ಲ ಇಷ್ಟ ಬೀಳಂಗಿಲ್ಲರಿ" ಎನ್ನುತ್ತಲೇ ಉಸ್ತಾದ್ ಬಾನೆಟ್ ಎತ್ತಿ ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿದರು. ಫಿಲ್ಟರ್ ಹೊರತೆಗೆದು ನನ್ನ ಮುಖದ ಮುಂದೆ ಹಿಡಿದರು. ಹಾಲಿನಷ್ಟು ಬೆಳ್ಳಗಿತ್ತು. "ನೋಡ್ರಿ. ಅಂಗಡಿಯಿಂದ ಈಗ ತಂದಂಗ ಐತಿ."

ಆದರೆ ಭಾವ ಮುಂದೆ ಬಂದು ಆ ಫಿಲ್ಟರನ್ನು ಕೈಗೆ ತೆಗೆದುಕೊಂಡರು. ಗೊಬ್ಬರದ ಅಂಗಡಿಯವರು, ಧೂಳಿನ ಲೆಕ್ಕ ಬಲ್ಲವರು. "ರಾಶಿ ಹೊತ್ತಿನ್ಯಾಗ ದಿನಾ ಮಡ್ಡಿಗೆ ಹೋಗಿ ಬಂದ ಗಾಡಿ ಇದು. ರಸ್ತೆ ತುಂಬ ಜೋಳದ ಹೊಟ್ಟು ಹಾರತಿತ್ತು. ಇದು ಇಷ್ಟ ಬೆಳ್ಳಗ ಹೆಂಗ ಇರಾಕ ಸಾಧ್ಯ?" ಎಂದರು.

"ಯಾಕ ಇರಾಂಗಿಲ್ಲ?" ಎಂದು ಸ್ಟೂಲಿನ ಕಡೆಯಿಂದ ದನಿ ಬಂತು. ಅತ್ತೆ ಹೆಮ್ಮೆಯಿಂದ ಎದ್ದು ನಿಂತಿದ್ದರು. "ನಾ ಅರಿವಿ ಕಟ್ಟೀನಲ್ಲ!"

ಅತ್ತೆ ಜೀಪಿನ ಬಳಿ ಬಂದು ಬಾನೆಟ್ಟಿನೊಳಗೆ ಕೈ ಹಾಕಿ, ದೀಪದ ಹಿಂದೆ ಬಾಗಿಕೊಂಡಿದ್ದ ಕಪ್ಪು ಕೊಳವೆಯ ಬಾಯನ್ನು ತಡವಿ ಗಂಟು ಬಿಚ್ಚಿದರು. ಹೊರಬಂದದ್ದು ಹಳೆಯ ಇಲಕಲ್ ಸೀರೆಯ ತುಂಡು, ನಾಲ್ಕು ಮಡಿಕೆ, ಮಣ್ಣು ಮೆತ್ತಿ ಗಾರೆಯಂತೆ ಗಟ್ಟಿಯಾಗಿತ್ತು.

ನಡೆದದ್ದು ಇಷ್ಟು. ರಾಶಿಯ ದಿನಗಳಲ್ಲಿ ನಾನು ಬಾನೆಟ್ ಎತ್ತಿ ತೊಳೆಯುವಾಗ ಅತ್ತೆ ಪಕ್ಕದಲ್ಲಿ ನಿಂತು, ಈ ಕೊಳವೆ ಏತಕ್ಕೆ ಎಂದು ಕೇಳಿದ್ದರು. ಗಾಡಿ ಇದರಿಂದಲೇ ಗಾಳಿ ಕುಡಿಯುತ್ತದೆ ಎಂದು ನಾನು ಹೇಳಿದ್ದೆ. ಇಷ್ಟು ಹೊಟ್ಟು ಹಾರುವಾಗ ಬಾಯಿ ತೆರೆದುಕೊಂಡು ಕುಡಿದರೆ ಅದರ ಗತಿ ಏನು ಎಂದು ಅವರಿಗೆ ಸಂಕಟವಾಗಿದೆ.

"ಕೊಡದ ಬಾಯಿಗೆ ಅರಿವಿ ಕಟ್ಟಿ ನೀರ ಸೋಸಿ ಕುಡೀತೀವಿ ನಾವು. ಅದು ಹೊಲಸ ಗಾಳಿ ಕುಡೀಬೇಕೇನು? ದಿನಾ ನನ್ನ ಸೊಸಿನ್ನ ಹೊತಗೊಂಡ ತಿರಗತೈತಿ. ನಡುದಾರಿಗೆ ನಿಂತ್ರ ಆಕಿ ಏನ್ ಮಾಡಬೇಕು?" ಎಂದರು ಅತ್ತೆ.

ಉಸ್ತಾದ್ ತಲೆಯ ಮೇಲಿನ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ಮತ್ತ ಸ್ಟಾಕ್ ಗಾಡಿ ಅಂದ್ರೆಲ್ಲರಿ!" ಎಂದು ಶುರುಮಾಡಿದ ನಗು ಹುಡುಗರಿಗೆ ಹತ್ತಿತು, ನನಗೆ ಹತ್ತಿತು. ನಾನು ಜೀಪಿನ ಮಡ್‌ಗಾರ್ಡ್ ಹಿಡಿದುಕೊಂಡು ಹೊಟ್ಟೆ ನೋಯುವಷ್ಟು ನಕ್ಕೆ, ನಗುತ್ತ ಅತ್ತೆಯನ್ನು ಅಪ್ಪಿಕೊಂಡೆ. ಅವರಿಗೆ ಯಾಕೆ ನಗುತ್ತಿದ್ದೇವೆಂದು ಪೂರ್ತಿ ತಿಳಿಯಲಿಲ್ಲ, ಆದರೂ ನಕ್ಕರು.

ಮತ್ತೆ ಜೀಪು ಗುಡುಗಿತು. ಈ ಸಲ ಸದ್ದೇ ಬೇರೆ. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿತು. ಗೆರೆ ಏರಿತು, ಮೊದಲು ಮಲಗಿದ ಜಾಗವನ್ನು ದಾಟಿ ಮೇಲೆ ಹೋಯಿತು, ಇನ್ನೂ ಹೋಯಿತು. ಹೊಗೆ ಇರಲಿಲ್ಲ. "ನೂರಾ ಹತ್ತು!" ಎಂದು ಉಸ್ತಾದ್ ಕೂಗಿದರು, ತಮ್ಮದೇ ಗಾಡಿಯೋ ಎಂಬಂತೆ. ಅತ್ತೆ ಎರಡೂ ಕೈಯಿಂದ ಜೀಪಿಗೆ ದೃಷ್ಟಿ ತೆಗೆದು ಲಟಿಕೆ ಮುರಿದರು.

ಭಾವ ಹೊಸ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಹಳೆಯ ಚೀಟಿ ತೆಗೆದು ಹರಿದರು. ಜೀಪಿನ ಚಾವಿ ಹಿಡಿದು ಬಂದು ಅತ್ತೆಯ ಮುಂದೆ ನಿಂತರು, ಬಾಯಿ ತೆರೆದರು, ಮುಚ್ಚಿದರು. ನಂತರ ನನ್ನ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ನಾನು ಅವರ ಕಣ್ಣನ್ನು ನೇರವಾಗಿ ನೋಡಿದ್ದು ಅದೇ ಮೊದಲು. ನನ್ನ ಗಂಡನ ಕಣ್ಣಿನ ಹಾಗೇ ಇವೆ.

"ತಂಗೀ, ನೀನ ಹೊಡಿಯವ್ವ" ಎಂದರು.

ರೂಢಿಯಂತೆ ಅತ್ತೆಯ ಕಡೆ ನೋಡಿದೆ. ಅತ್ತೆ ಬೇಕೆಂದೇ ಸೆರಗು ಸರಿಮಾಡಿಕೊಳ್ಳುತ್ತ ಆಕಾಶ ನೋಡುತ್ತಿದ್ದರು. "ಆತ್ರಿ ಭಾವಾರ" ಎಂದು ಕಡೆಗೆ ನಾನೇ ಹೇಳಿದೆ. ಚಾವಿ ಬೆಚ್ಚಗಿತ್ತು.

ಭಾವ ಹಿಂದಿನ ಸೀಟು ಹತ್ತಿದರು. ತಿಕೋಟಾ ಬಂದಾಗ ಮನೆಯ ಕಡೆ ತಿರುಗಿಸಲು ಹೋದೆ. "ಮಡ್ಡಿಗೇ ಬಿಡು, ನೋಡೂಣು" ಎಂದು ಹಿಂದಿನಿಂದ ಕೇಳಿತು. ನನಗೇ ಹೇಳಿದ್ದು, ನೇರವಾಗಿ. ಅವತ್ತು ಜೀಪು ಇಲ್ಲವೆಂದು ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದ ಹೆಂಗಸರು ದಾರಿಯಲ್ಲಿ ತೋಟದತ್ತ ನಡೆದು ಹೋಗುತ್ತಿದ್ದರು. ಎಲ್ಲರನ್ನೂ ಹತ್ತಿಸಿಕೊಂಡೆ. ಭಾವನನ್ನು ನೋಡಿ ಅವರು ಮೊದಲು ನಾಚಿದರು, ಆಮೇಲೆ ಅವರನ್ನೇ ಮೂಲೆಗೆ ಒತ್ತಿ ಬುತ್ತಿಯನ್ನು ಅವರ ತೊಡೆಯ ಮೇಲಿಟ್ಟರು.

ಏರಿನ ಬುಡದಲ್ಲಿ ಎರಡನೇ ಗೇರಿಗೆ ಹಾಕುವಾಗ ಅತ್ತೆ ನನ್ನ ಕೈ ತಡೆದರು. ಸೊಂಟದಿಂದ ಆ ಇಲಕಲ್ ತುಂಡನ್ನು ತೆಗೆದರು. ಗ್ಯಾರೇಜಿನ ನಲ್ಲಿಯಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಕೊಂಡಿದ್ದರಂತೆ, ನಾವು ಚೀಟಿ ನೋಡುವುದರಲ್ಲಿ ಮುಳುಗಿದ್ದಾಗ. ಅದನ್ನು ನನ್ನ ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿದರು.

"ಗಾಡಿಗೆ ಬ್ಯಾಡಂದ್ರಲ್ಲ, ನೀನರ ಕಟಗೋ. ಭಾಳ ಧೂಳ ಐತಿ ಯವ್ವಾ."

ಜೀಪು ಏರನ್ನು ಹತ್ತಿತು. ಕಲ್ಲು ಸಿಡಿದವು, ಹೆಂಗಸರು ಕೇಕೆ ಹಾಕಿದರು, ಭಾವ ಬುತ್ತಿಗಳನ್ನು ಅಪ್ಪಿಕೊಂಡು "ಸಾವಕಾಶ, ಸಾವಕಾಶ" ಎಂದರು. ಎಲ್ಲೂ ನಿಲ್ಲಲಿಲ್ಲ. ಮೇಲೆ ಬಳ್ಳಿಗಳ ಸಾಲಿನ ಮುಂದೆ ನಿಲ್ಲಿಸಿದಾಗ ಅತ್ತೆ ನನ್ನ ಕಡೆ ಬಗ್ಗಿ, ಗಂಟನ್ನು ಸ್ವಲ್ಪ ಸಡಿಲಿಸಿ ಕೇಳಿದರು:

"ಬಿಗಿ ಕಟ್ಟಿನೇನ ಯವ್ವಾ? ಉಸರಾಡಾಕ ಬರತೈತಿ?"

"ಬರತೈತ್ರಿ ಅತ್ತಿ" ಎಂದೆ.